ನಿಮ್ಮ ಸೈನಿಕನಿಗೆ ಹಸಿವೇ ಆಗುವುದಿಲ್ಲ

ಪ್ರಿಯ ಬರಹಗಾರರೇ,

ನೀವು ಕಳಿಸಿದ ಕಥೆ ಓದಿದೆ. ಮೊದಲ ಮಹಾಯುದ್ಧದಲ್ಲಿ, 1916ರ ವೆರ್ಡನ್ ಕದನದಲ್ಲಿ ಕಂದಕದೊಳಗೆ ಕೂತ ಫ್ರೆಂಚ್ ಸೈನಿಕ ಹೆಂಡತಿಗೆ ಬರೆದ ಕಾಗದಗಳು. ವಸ್ತು ಗಟ್ಟಿ, ಭಾಷೆಯೂ ಸಲೀಸಾಗಿದೆ. ಆದರೆ ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಡೀ ಕಥೆಯಲ್ಲಿ ನಿಮ್ಮ ಸೈನಿಕ ಒಂದು ತುತ್ತು ಉಣ್ಣುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಹೇನು ಕಡಿದರೂ ಮೈ ಕೆರೆದುಕೊಳ್ಳುವುದಿಲ್ಲ. ಪುಟಕ್ಕೊಂದು ಶೆಲ್ ಸಿಡಿಯುತ್ತದೆ, ಅವನು ಸಾವಿನ ಬಗ್ಗೆ ಯೋಚಿಸುತ್ತಾನೆ. ನಾಲ್ಕನೇ ಶೆಲ್ ಹೊತ್ತಿಗೆ ನನಗೆ ಭಯವೇ ಹೋಗಿತ್ತು.

ಕಂದಕದಲ್ಲಿ ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ಕಾಯುವುದಕ್ಕೆ, ಅಗೆಯುವುದಕ್ಕೆ, ಹೊರುವುದಕ್ಕೆ. ಹಗಲು ತಲೆ ಎತ್ತುವ ಹಾಗಿಲ್ಲ. ಮುಳ್ಳುತಂತಿ ಬಿಗಿಯುವುದು, ಕುಸಿದ ಗೋಡೆ ಸರಿ ಮಾಡುವುದು, ಎಲ್ಲ ರಾತ್ರಿಯೇ.

ಊಟ ತರುವ ಸರದಿಯನ್ನೇ ತಗೊಳ್ಳಿ. ಅಡುಗೆ ಆಗುತ್ತಿದ್ದದ್ದು ಎಷ್ಟೋ ಹಿಂದೆ. ಕತ್ತಲಾದ ಮೇಲೆ ಕೆಲವರು ಹೋಗಿ ತರಬೇಕು. ದುಂಡನೆಯ ಬ್ರೆಡ್ಡುಗಳನ್ನು ಹಗ್ಗಕ್ಕೆ ಪೋಣಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಸೊಂಟದ ಸುತ್ತ ಎಲ್ಲರ ಪಾಲಿನ ವೈನ್ ತುಂಬಿದ ಬಾಟಲಿಗಳು, ಕೈಯಲ್ಲಿ ಸೂಪಿನ ಪಾತ್ರೆ. ದೀಪ ಹಚ್ಚುವಂತಿಲ್ಲ. ಕೆಸರಲ್ಲಿ ಕಾಲು ಜಾರಿದರೆ ಸೂಪು ಚೆಲ್ಲಿತು. ಅವರು ಶೆಲ್‌ಗೆ ಸಿಕ್ಕರೆ ಮುಂದಿನ ಸಾಲಿನವರಿಗೆ ಉಪವಾಸ. ವೆರ್ಡನ್‌ನಲ್ಲಿ ನೀರಿಗೂ ತತ್ವಾರ. ಶೆಲ್ ಬಿದ್ದ ಗುಂಡಿಯ ನೀರಲ್ಲಿ ಏನು ಕೊಳೆಯುತ್ತಿದೆ ಅಂತ ಗೊತ್ತಿದ್ದೂ ಕುಡಿದವರಿದ್ದಾರೆ. ಇಂಥ ಒಂದು ರಾತ್ರಿ ಬರೆಯಿರಿ. ತಣ್ಣಗಾದ ಸೂಪು ಹಿಡಿದು ಅವನು ಬರುತ್ತಿರುವಾಗ ದೂರದಲ್ಲಿ ಒಂದೇ ಒಂದು ಶೆಲ್ ಬೀಳಲಿ. ಓದುಗನ ಎದೆ ಡವಡವ ಅನ್ನುತ್ತದೆ.

ಇನ್ನು ಕಾಗದಗಳ ವಿಷಯ. ರಣರಂಗದಿಂದ ಹೋಗುವ ಕಾಗದಗಳನ್ನು ಅಧಿಕಾರಿಗಳು ಒಡೆದು ನೋಡುತ್ತಿದ್ದರು. ತಾನಿರುವ ಜಾಗ ಬರೆಯುವ ಹಾಗಿರಲಿಲ್ಲ. ನಿಮ್ಮವನು ನಕ್ಷೆಯನ್ನೇ ಬಿಡಿಸಿದ್ದಾನೆ! ಆ ಸೈನಿಕರಲ್ಲಿ ಬಹಳಷ್ಟು ಜನ ರೈತರು. ಹುಲ್ಲು ಕೊಯ್ಲು ಆಯ್ತಾ, ಹಸು ಈಯಿತಾ ಅಂತ ಕೇಳುತ್ತಿದ್ದರು. ಹೆಂಡತಿ ಹೆದರಬಾರದು ಅಂತ ಎಷ್ಟೋ ವಿಷಯ ಮುಚ್ಚಿಡುತ್ತಿದ್ದರು. ಅವನು ಬರೆದದ್ದು ಒಂದು, ಆ ದಿನ ನಡೆದದ್ದು ಇನ್ನೊಂದು. ಕಥೆ ಇರುವುದು ಅಲ್ಲೇ ಅಲ್ವಾ? ನೀವು ಅದನ್ನು ಸುಮ್ನೆ ಬಿಟ್ಟುಕೊಟ್ಟಿದ್ದೀರಿ.

ಎರಡು ತಪ್ಪು ತಿದ್ದಲೇಬೇಕು. 1914ರ ಆಗಸ್ಟಿನಲ್ಲಿ ಅವನಿಗೆ ಉಕ್ಕಿನ ಹೆಲ್ಮೆಟ್ ಹಾಕಿಸಿದ್ದೀರಿ. ಫ್ರೆಂಚ್ ಸೈನಿಕರಿಗೆ ಅದು ಸಿಕ್ಕಿದ್ದು 1915ರಲ್ಲಿ. ಯುದ್ಧಕ್ಕೆ ಹೊರಟಾಗ ತಲೆಗೆ ಬಟ್ಟೆಯ ಟೋಪಿ, ಕಾಲಿಗೆ ದೂರದಿಂದಲೇ ಕಣ್ಣಿಗೆ ಹೊಡೆಯುವ ಕೆಂಪು ಪ್ಯಾಂಟು. ಇನ್ನೊಂದು, ಅವನು ವೆರ್ಡನ್‌ನ ಒಂದೇ ಕಂದಕದಲ್ಲಿ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಇದ್ದಾನೆ. ಸೇನಾಪತಿ ಪೆತಾಂ ಅಲ್ಲಿ ಪಡೆಗಳನ್ನು ಆಗಾಗ ಹಿಂದಕ್ಕೆ ಕರೆಸಿ ಹೊಸಬರನ್ನು ಕಳಿಸುತ್ತಿದ್ದ. ಅವನೂ ಹಿಂದಕ್ಕೆ ಹೋಗಲಿ, ಬಟ್ಟೆ ಒಗೆಯಲಿ, ನಿದ್ದೆ ಮಾಡಲಿ. ಆಮೇಲೆ ಮತ್ತೆ ಮುಂದಿನ ಸಾಲಿಗೆ ನಡೆಯುವಾಗ ಅವನ ಕಾಲು ಹೇಗೆ ಭಾರವಾಗುತ್ತೆ ಅನ್ನುವುದನ್ನು ನೀವು ಬರೆಯಬಲ್ಲಿರಿ.

ಸಾವಿನ ಚಿಂತನೆಯ ಪುಟಗಳನ್ನು ಪೂರ್ತಿ ತೆಗೆಯಿರಿ. ಕಾಗದಗಳು ನಾಲ್ಕೈದು ಸಾಕು. ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ