ಮಾಲ್‌ನ ಪಾರ್ಕಿಂಗ್ ಕಳೆದುಕೊಂಡವರಿಗೆ

ಈ ಬಾರಿ ಸಿಗ್ನಲ್ ದೀಪಗಳ ಸಮಯದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲು ನೀವು ಬಿಡಲಿಲ್ಲ. ಮಾಲ್‌ನವರು ಪಾರ್ಕಿಂಗ್ ಮುಚ್ಚಿದರು, ಸಮಯ ಕಟ್ಟಿದರು, ಗೇಟಿನಿಂದ ವಾಪಸ್ ಕಳುಹಿಸಿದರು ಎಂಬ ಒಂದೇ ದೂರು ಹೊತ್ತ ಪತ್ರಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿವೆ. ಇದೇ ಪ್ರಶ್ನೆಗೆ ಹಿಂದೆಯೂ ಚುಟುಕಾಗಿ ಉತ್ತರಿಸಿದ್ದೇನೆ. ಚುಟುಕು ಉತ್ತರ ಯಾರಿಗೂ ಹಿಡಿಸಲಿಲ್ಲವೆಂದು ಕಾಣುತ್ತದೆ. ಹಾಗಾಗಿ ಇಂದು ಉದ್ದ ಉತ್ತರ.

ಪ್ರಶ್ನೆ: ನಿಲ್ದಾಣದ ಪಕ್ಕದ ಮಾಲ್‌ನಲ್ಲಿ ಆರು ವರ್ಷಗಳಿಂದ ಕಾರು ನಿಲ್ಲಿಸಿ ರೈಲು ಹಿಡಿಯುತ್ತಿದ್ದೆ. ಹೋದ ತಿಂಗಳು ದಿಢೀರನೆ ತಡೆಗೋಲು ಹಾಕಿ, ಮೂರು ಗಂಟೆ ಮೀರಿದರೆ ಚಕ್ರಕ್ಕೆ ಬೀಗ ಎಂದು ಫಲಕ ತೂಗುಹಾಕಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಅಲ್ಲಿ ಮುಕ್ಕಾಲು ಪಾಲು ಜಾಗ ಖಾಲಿ ಇರುತ್ತದೆ. ಇದು ಹೊಟ್ಟೆಕಿಚ್ಚಲ್ಲದೆ ಮತ್ತೇನು? ಇಷ್ಟು ವರ್ಷ ಬಳಸಿದ ಮೇಲೆ ನಮಗೆ ಹಕ್ಕಿಲ್ಲವೇ? ನಾನೂರು ಜನರ ಸಹಿ ಸಂಗ್ರಹಿಸಿದ್ದೇವೆ. ಮುಂದೇನು?

ಹಕ್ಕಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಇಲ್ಲ. ಮಾಲೀಕರು ಸುಮ್ಮನಿದ್ದು ಬಿಟ್ಟುಕೊಂಡ ಜಾಗದಲ್ಲಿ ಹಗಲು ಹೊತ್ತು ಕಾರು ನಿಲ್ಲಿಸಿ ಸಂಜೆ ತೆಗೆದುಕೊಂಡು ಹೋದವರಿಗೆ ಆ ನೆಲದ ಮೇಲೆ ಯಾವ ಹಿಡಿತವೂ ಹುಟ್ಟುವುದಿಲ್ಲ. ಒಪ್ಪಿಗೆಯಿಂದ ಬಳಸಿದ್ದು ಎಷ್ಟು ವರ್ಷ ಕಳೆದರೂ ಒಪ್ಪಿಗೆಯೇ. ‘ಇಷ್ಟು ವರ್ಷ ನಿಲ್ಲಿಸಿದರೆ ಜಾಗ ನಿಮ್ಮದೇ’ ಎಂದು ಮೊಬೈಲ್‌ನಿಂದ ಮೊಬೈಲಿಗೆ ಹಾರುವ ಸಂದೇಶವನ್ನು ಮೂವರು ನನಗೇ ಕಳುಹಿಸಿದ್ದಾರೆ. ಅದನ್ನು ಬರೆದವನು ವಕೀಲನಲ್ಲ, ಓದಿ ನಂಬಿದವನು ವಕೀಲನಿಗೆ ದುಡ್ಡು ತೆರುತ್ತಾನೆ.

ಇನ್ನು ‘ಖಾಲಿ ಇರುತ್ತದೆ’ ಎಂಬ ಮಾತು. ನನಗೆ ಹೆಚ್ಚು ಸಿಟ್ಟು ಬರಿಸುವುದು ಇದೇ. ಎಂಟೂವರೆಗೆ ಮಾಲ್ ಬಾಗಿಲೇ ತೆರೆದಿರುವುದಿಲ್ಲ, ಖಾಲಿ ಇರದೆ ಇನ್ನೇನು? ನೀವು ನೋಡುವುದು ಎಂಟೂವರೆಯ ನೆಲ. ನಿಮ್ಮ ಕಾರು ಹಿಡಿದಿಡುವುದು ಮಧ್ಯಾಹ್ನದ ಮತ್ತು ಸಂಜೆಯ ನೆಲ. ಗಿರಾಕಿಯೊಬ್ಬ ಒಂದೂವರೆಯಿಂದ ಎರಡು ಗಂಟೆ ಇದ್ದು ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಹತ್ತು ಗಂಟೆಗೆ ಮಾಲ್ ತೆರೆದು ಆರೂವರೆಗೆ ನೀವು ಮರಳುವುದರೊಳಗೆ ಆ ಒಂದು ಜಾಗದಲ್ಲಿ ನಾಲ್ಕೈದು ಕಾರುಗಳು ಬಂದು ಹೋಗಬಹುದಿತ್ತು. ಇನ್ನೂರು ಮಂದಿ ಹೀಗೆ ನಿಲ್ಲಿಸಿದರೆ ಏನಾಗುತ್ತದೆ ಎಂಬ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಇದು ಹೊಸ ಜಗಳವೂ ಅಲ್ಲ. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1935ರ ಜುಲೈನಲ್ಲಿ ನೆಲಕ್ಕಿಳಿದದ್ದು ಇದೇ ಕಾರಣಕ್ಕೆ. ಊರ ನಡುವೆ ಕೆಲಸಕ್ಕೆ ಬರುವವರು ಬೆಳಿಗ್ಗೆ ಅಂಗಡಿಗಳ ಮುಂದೆ ಕಾರು ನಿಲ್ಲಿಸಿದರೆ ಸಂಜೆಯವರೆಗೆ ಅಲುಗುತ್ತಿರಲಿಲ್ಲ. ಅಂಗಡಿಗೆ ಬಂದವರಿಗೆ ಜಾಗವಿರಲಿಲ್ಲ, ಅಂಗಡಿಯವರು ಗೊಣಗಿದರು. ಕಾರ್ಲ್ ಮ್ಯಾಗಿ ಎಂಬ ಪತ್ರಿಕೋದ್ಯಮಿ ನಾಣ್ಯ ನುಂಗುವ ಗಡಿಯಾರವನ್ನು ಕಂಬಕ್ಕೆ ಏರಿಸುವ ಉಪಾಯ ತಂದರು. ದುಡ್ಡು ಮಾಡುವುದಕ್ಕಿಂತ, ಬಂದವರು ಹೊರಡುವಂತೆ ಮಾಡುವುದೇ ಅದರ ಮೊದಲ ಗುರಿ. ನಿಮ್ಮ ಮಾಲ್‌ನ ಮೂರು ಗಂಟೆಯ ಫಲಕ ಆ ಗಡಿಯಾರದ ಮೊಮ್ಮಗು.

ಹಾಗೆಂದು ಮಾಲ್‌ನವರು ಹೇಳುವುದೆಲ್ಲ ಸತ್ಯವೆಂದು ತಿಳಿಯಬೇಡಿ. ಇಲ್ಲಿಂದ ಮುಂದೆ ನಾನು ನಿಮ್ಮ ಪಕ್ಷ.

ಇಂಥ ಒಂದು ಮಾಲ್‌ನ ನೆಲಮಾಳಿಗೆಯಲ್ಲಿ ಮೂರು ದಿನ ಎಣಿಕೆ ಮಾಡಿದ್ದೇನೆ. ಅರ್ಧ ಗಂಟೆಗೊಮ್ಮೆ ಸಾಲು ಸಾಲಾಗಿ ನಡೆದು ಪ್ರತಿ ಜಾಗದಲ್ಲಿರುವ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಳ್ಳುವುದಷ್ಟೇ ಕೆಲಸ. ಎರಡನೆಯ ದಿನಕ್ಕೆ ಅಂಕಿಗಳೇ ಬೇಡವಾದವು. ಪ್ರಯಾಣಿಕರ ಕಾರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಬಂದವರು ಡಿಕ್ಕಿ ತೆಗೆಯುವುದಿಲ್ಲ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದಿಲ್ಲ. ಹಿಂದಿನ ಸೀಟಿನಿಂದ ಚೀಲ ಎಳೆದು ಹೆಗಲಿಗೆ ಹಾಕಿ, ಮಾಲ್‌ನ ಬಾಗಿಲಿಗೆ ಬೆನ್ನು ತಿರುಗಿಸಿ, ಓಡು ನಡಿಗೆಯಲ್ಲಿ ರಸ್ತೆಗೆ ಇಳಿಯುತ್ತಾರೆ. ಹೊರಡುವಾಗ ಇಂಜಿನ್ ಮುಚ್ಚಳದ ಮೇಲೆ ತೆಳ್ಳನೆಯ ದೂಳು ಕೂತಿರುತ್ತದೆ. ಇಷ್ಟನ್ನು ನೋಡಲು ಪರಿಣತನೇ ಬೇಕಿಲ್ಲ, ಗೇಟಿನ ಕಾವಲುಗಾರನಿಗೂ ಗೊತ್ತಿತ್ತು.

ನನಗೆ ಹೊಸದಾಗಿ ಕಂಡದ್ದು ಬೇರೆ. ವಾರದ ನಡುವಿನ ದಿನಗಳಲ್ಲಿ ಆ ಮಾಲ್‌ಗೆ ಜಾಗದ ಕೊರತೆಯೇ ಇರಲಿಲ್ಲ. ಮೂರನೆಯ ನೆಲಮಾಳಿಗೆ ಮಧ್ಯಾಹ್ನವೂ ಭಣಗುಡುತ್ತಿತ್ತು. ಆದರೆ ಮೊದಲು ಬಂದವರು ಪ್ರಯಾಣಿಕರಾದ್ದರಿಂದ ಮೊದಲ ನೆಲಮಾಳಿಗೆಯಲ್ಲಿ ಲಿಫ್ಟಿನ ಬಾಯಿಗೆ ಹತ್ತಿರದ ಜಾಗಗಳೆಲ್ಲ ಅವರ ಪಾಲಾಗಿದ್ದವು. ಹನ್ನೊಂದು ಗಂಟೆಗೆ ಬಂದ ಗಿರಾಕಿ ಎರಡು ಸುತ್ತು ಹಾಕಿ, ಎಲ್ಲ ತುಂಬಿದೆ ಎಂದು ತೀರ್ಮಾನಿಸಿ, ಹೊರಗೆ ಹೋಗುತ್ತಿದ್ದ. ಅಂದರೆ ಮಾಲ್ ಕಳೆದುಕೊಳ್ಳುತ್ತಿದ್ದುದು ತನ್ನ ಮುಂದಿನ ಸಾಲನ್ನು ಮಾತ್ರ. ಅದಕ್ಕೆ ಮದ್ದು ಎಲ್ಲರನ್ನೂ ಹೊರಗಟ್ಟುವುದಲ್ಲ, ದಿನವಿಡೀ ನಿಲ್ಲಿಸುವವರನ್ನು ತಳದ ಮಹಡಿಗೆ ಕಳುಹಿಸುವುದು.

ತಳದ ನೆಲಮಾಳಿಗೆಗಳು ಖಾಲಿ ಇರುವುದಕ್ಕೂ ಕಾರಣವಿದೆ. ಮಾಲ್‌ಗಳ ಪಾರ್ಕಿಂಗನ್ನು ಸಾಮಾನ್ಯ ಮಂಗಳವಾರಕ್ಕೆ ಅಳೆದು ಕಟ್ಟುವುದಿಲ್ಲ. ವರ್ಷದ ಅತಿ ಗಿಜಿಗುಡುವ ಗಂಟೆಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಇಪ್ಪತ್ತನೆಯ ಗಂಟೆಗೆ ಎಷ್ಟು ಬೇಕೋ ಅಷ್ಟು ಕಟ್ಟುವ ಪದ್ಧತಿ ಅಮೆರಿಕದಲ್ಲಿ ರೂಢಿಗೆ ಬಂತು. ಉಳಿದ ಸಾವಿರಾರು ಗಂಟೆ ಆ ನೆಲದ ಒಂದು ಭಾಗ ಕಾಯುತ್ತಲೇ ಇರುತ್ತದೆ. ಒಂದು ಕಾರಿಗೆ ಅದು ನಿಲ್ಲುವ ಚೌಕವಷ್ಟೇ ಅಲ್ಲ, ತಿರುಗಿ ಹೊರಬರುವ ಓಣಿಯ ಪಾಲೂ ಸೇರಿ ಸುಮಾರು 25ರಿಂದ 30 ಚದರ ಮೀಟರ್ ಬೇಕು. ಅನೇಕರ ಮನೆಯ ದೊಡ್ಡ ಕೋಣೆಯೂ ಅಷ್ಟಿರುವುದಿಲ್ಲ. ಇಂಥ ನೆಲವನ್ನು ವಾರದ ಐದು ಹಗಲು ಹಂಚಿಕೊಳ್ಳುವುದು ಇಬ್ಬರಿಗೂ ಲಾಭ. ಅದನ್ನು ಕಾಗದದ ಮೇಲೆ ಮಾಡಿಕೊಳ್ಳಬೇಕು ಎಂಬುದೊಂದೇ ನನ್ನ ಹಟ.

ಈಗ ನಿಮ್ಮ ನಾನೂರು ಸಹಿಗಳು. ಮಾಲ್‌ನ ವ್ಯವಸ್ಥಾಪಕರ ಕೈಗೆ ಕೊಟ್ಟರೆ ಅವರು ನಕ್ಕು ತೆಗೆದಿಡುತ್ತಾರೆ, ಏಕೆಂದರೆ ತೀರ್ಮಾನ ಬಹುಪಾಲು ಅವರದಾಗಿರುವುದಿಲ್ಲ. ದೊಡ್ಡ ಬಾಡಿಗೆದಾರರು, ಅಂದರೆ ಸೂಪರ್‌ಮಾರ್ಕೆಟ್ಟು, ಚಿತ್ರಮಂದಿರದಂಥವರು, ತಮ್ಮ ಗಿರಾಕಿಗೆ ಇಷ್ಟು ಜಾಗ ಇರಲೇಬೇಕು ಎಂದು ಬಾಡಿಗೆ ಕರಾರಿನಲ್ಲೇ ಬರೆಸಿಕೊಂಡಿರುವುದುಂಟು. ಅವರಲ್ಲೊಬ್ಬರು ದೂರಿದರೆ ತಡೆಗೋಲು ಇಳಿಯುತ್ತದೆ. ಆದ್ದರಿಂದ ಒಲಿಸಿಕೊಳ್ಳಬೇಕಾದದ್ದು ಅವರನ್ನು. ಸಹಿ ಮಾಡಿದವರಿಗೆ ಒಂದು ತಿಂಗಳು ಆ ಮಾಲ್‌ನಲ್ಲಿ ಕೊಂಡ ಸಾಮಾನಿನ ಬಿಲ್‌ಗಳನ್ನು ಎತ್ತಿಡಲು ಹೇಳಿ. ಸಂಜೆ ಮನೆಗೆ ಹೋಗುವ ಮುನ್ನ ದಿನಸಿ ಹೊತ್ತೊಯ್ಯುವವರು ನಿಮ್ಮಲ್ಲಿ ಎಷ್ಟು ಮಂದಿ ಎಂಬುದು ಬಾಡಿಗೆದಾರನಿಗೆ ಅರ್ಥವಾಗುವ ಭಾಷೆ. ಬಿಲ್ಲುಗಳೇ ಇಲ್ಲವೆಂದರೆ, ಕ್ಷಮಿಸಿ, ಮಾಲ್‌ನವರ ಮಾತೇ ನಿಜ.

ಆ ಸಹಿಗಳ ಎರಡನೆಯ ಪ್ರತಿ ರೈಲಿನವರಿಗೆ ಹೋಗಲಿ. ನಿಮ್ಮನ್ನು ನಿಲ್ದಾಣಕ್ಕೆ ತಲುಪಿಸುವ ಹೊಣೆಯನ್ನು ಅವರು ಇಷ್ಟು ವರ್ಷ ಒಬ್ಬ ಅಂಗಡಿಕಾರನ ಹೆಗಲಿಗೆ ಹಾಕಿ ಕೈ ತೊಳೆದುಕೊಂಡಿದ್ದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1973ರಲ್ಲೇ ಊರ ಹೊರಗೆ ಕಾರು ನಿಲ್ಲಿಸಿ ಬಸ್ಸು ಹತ್ತುವ ಕಾಯಂ ವ್ಯವಸ್ಥೆ ಶುರುವಾಯಿತು. ಪ್ರಯಾಣಿಕರಿಗೆಂದೇ ಮೀಸಲಾದ ನೆಲ ಎಂದರೆ ಅದು. ಹೊಸ ನೆಲ ಸಿಗದ ಕಡೆ ಮಾಲ್‌ನ ತಳದ ಮಹಡಿಯನ್ನು ರೈಲಿನವರೇ ಬಾಡಿಗೆಗೆ ಹಿಡಿದು ನಿಮಗೆ ಪಾಸು ಕೊಡಬಹುದು.

ಕರಾರಿನಲ್ಲಿ ಎಷ್ಟು ಜಾಗ, ಯಾವ ಮಹಡಿ, ಯಾವ ದಿನಗಳು, ಎಷ್ಟು ಗಂಟೆಯೊಳಗೆ ಹೊರಡಬೇಕು, ದೀಪ ಮತ್ತು ಗುಡಿಸುವಿಕೆಯ ಖರ್ಚು ಯಾರದು ಎಂಬುದನ್ನೆಲ್ಲ ಯಾರಾದರೂ ನೆನಪಿಸುತ್ತಾರೆ. ಎಲ್ಲರೂ ಮರೆಯುವುದು ನೋಟಿಸಿನ ಅವಧಿಯನ್ನು. ರದ್ದು ಮಾಡುವುದಾದರೆ ಮೂರು ತಿಂಗಳ ಮುಂಚೆ ಹೇಳಬೇಕು ಎಂಬ ಒಂದು ಸಾಲು ಇದ್ದಿದ್ದರೆ ಇವತ್ತು ನೀವು ನನಗೆ ಬರೆಯುತ್ತಿರಲಿಲ್ಲ. ಜೊತೆಗೆ, ಕಟ್ಟಡಕ್ಕೆ ಪರವಾನಗಿ ಕೊಟ್ಟಾಗ ಸ್ಥಳೀಯ ಆಡಳಿತ ವಿಧಿಸಿದ ಷರತ್ತುಗಳ ಪ್ರತಿಯನ್ನು ಕೇಳಿ ಪಡೆಯಿರಿ. ಸಾರ್ವಜನಿಕರಿಗೆ ಇಷ್ಟು ಜಾಗ ತೆರೆದಿಡಬೇಕು ಎಂಬ ಷರತ್ತು ಅದರಲ್ಲಿದ್ದರೆ ನೀವು ಕಾಡಿ ಬೇಡಬೇಕಿಲ್ಲ. ನಾನೂರು ಮಂದಿಯಲ್ಲಿ ಒಬ್ಬರಾದರೂ ಆ ಕಡತ ತೆರೆದು ನೋಡಿದ್ದೀರಾ? ಇಲ್ಲವೆಂದು ಪಂಥ ಕಟ್ಟುತ್ತೇನೆ.

ಚಕ್ರದ ಬೀಗದ ಬಗ್ಗೆ ಒಂದು ಮಾತು. ಖಾಸಗಿ ಜಾಗದಲ್ಲಿ ಬೀಗ ಜಡಿಯುವ ಅಧಿಕಾರ ಎಲ್ಲ ಕಡೆ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರಿಂದ ಅದು ನಿಷಿದ್ಧ. ದುಡ್ಡು ಕೊಡುವ ಮುನ್ನ ನಿಮ್ಮಲ್ಲಿನ ಕಾನೂನು ಏನೆಂದು ತಿಳಿದುಕೊಳ್ಳಿ, ರಸೀದಿ ಇಲ್ಲದೆ ಕೊಡಬೇಡಿ. ನನ್ನ ಕಾರಿನ ಚಕ್ರಕ್ಕೂ ಒಮ್ಮೆ ಬೀಗ ಬಿದ್ದಿತ್ತು, ಅದೂ ಪಾರ್ಕಿಂಗ್ ಸಭೆಯೊಂದಕ್ಕೆ ಹೋದಾಗ. ಸಿಟ್ಟಿನಲ್ಲಿ ರಸೀದಿ ಕೇಳುವುದನ್ನೇ ಮರೆತೆ.

ಮತ್ತು ದಯವಿಟ್ಟು ಪಕ್ಕದ ಬೀದಿಯ ಮನೆಗಳ ಮುಂದೆ ಹೋಗಿ ನಿಲ್ಲಿಸಬೇಡಿ. ಈಗ ಎಲ್ಲರೂ ಮಾಡುವುದು ಅದನ್ನೇ. ಆರು ತಿಂಗಳಲ್ಲಿ ಅಲ್ಲೂ ಫಲಕ ಏಳುತ್ತದೆ, ಆಗ ಮತ್ತೆ ನನಗೇ ಪತ್ರ ಬರೆಯುತ್ತೀರಿ.

ಪ್ರಶ್ನೆ: ಪಾರ್ಕಿಂಗ್ ಸಾಲದಿದ್ದರೆ ಇನ್ನೆರಡು ಮಹಡಿ ಕಟ್ಟಲಿ ಎಂದರೆ ತಪ್ಪೇ?

ಕಟ್ಟುವವರ ದುಡ್ಡು ನಿಮ್ಮದಲ್ಲವಾದ್ದರಿಂದ ಹೀಗೆ ಕೇಳುತ್ತೀರಿ. ಆ ಖರ್ಚು ಅಂಗಡಿಯ ಬಾಡಿಗೆಗೆ, ಅಲ್ಲಿಂದ ಸಾಮಾನಿನ ಬೆಲೆಗೆ ಇಳಿಯುತ್ತದೆ. ನಡೆದು ಬಂದವನೂ ನಿಮ್ಮ ಕಾರಿನ ಬಾಡಿಗೆ ಕಟ್ಟುತ್ತಾನೆ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ದಶಕಗಳ ಕಾಲ ಹೇಳಿದ್ದು ಇದನ್ನೇ. ಇಷ್ಟು ಪಾರ್ಕಿಂಗ್ ಕಟ್ಟಲೇಬೇಕು ಎಂಬ ನಿಯಮವನ್ನು ಅಮೆರಿಕದ ಬಫಲೋ ನಗರ 2017ರಲ್ಲಿ ಕೈಬಿಟ್ಟಿತು. ಅದೇ ವರ್ಷ ಮೆಕ್ಸಿಕೊ ಸಿಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದಕ್ಕಿಂತ ಹೆಚ್ಚು ಕಟ್ಟಬಾರದು ಎಂಬ ಮಿತಿ ಹಾಕಿತು. ನೂರಕ್ಕೆ 85 ಜಾಗ ತುಂಬಿ 15 ಖಾಲಿ ಉಳಿಯುವಂತೆ ದರವನ್ನು ಹಿಡಿತದಲ್ಲಿಡಿ ಎಂಬುದು ಶೂಪ್ ಕೊಟ್ಟ ಅಳತೆ. ನಾನೂ ಅದನ್ನೇ ಬಳಸುತ್ತೇನೆ. ದರ ಎಂದೊಡನೆ ನೀವು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಪ್ರಶ್ನೆ: ಜಾಗ ಖಚಿತ ಎಂದು ತಿಂಗಳ ಚಂದಾ ಕೇಳುವ ಮೊಬೈಲ್ ಆ್ಯಪ್ ನಂಬಬಹುದೇ?

ಮಾಲ್‌ನ ಜೊತೆ ಅವರಿಗೆ ಕರಾರಿದೆಯೇ ಎಂದು ಮಾಲ್‌ನವರನ್ನೇ ಕೇಳಿ. ಕರಾರಿಲ್ಲದಿದ್ದರೆ ಅವರು ಮಾರುತ್ತಿರುವುದು ಬೇರೆಯವರ ನೆಲ. ತಲೆಯ ಮೇಲೆ ಕೆಂಪು, ಹಸಿರು ದೀಪ ಉರಿಸುವ ಸಂವೇದಕವೂ ಈ ಕ್ಷಣ ಯಾವ ಜಾಗ ಖಾಲಿ ಎಂದಷ್ಟೇ ಹೇಳಬಲ್ಲದು. ನೀವು ತಲುಪುವ ಹೊತ್ತಿಗೆ ಖಾಲಿ ಇರುತ್ತದೆಂದು ಹೇಳುವವನು ಕಣಿ ಹೇಳುವವನು.

ಪ್ರಶ್ನೆ: ಸಣ್ಣದೇನಾದರೂ ಕೊಂಡು ಬಿಲ್ ಇಟ್ಟುಕೊಂಡರೆ ದಿನವಿಡೀ ನಿಲ್ಲಿಸಬಹುದಲ್ಲವೇ?

ಬಿಲ್ ತೋರಿಸಿದರೆ ಶುಲ್ಕ ಬಿಡಬಹುದು, ಗಡಿಯಾರ ನಿಲ್ಲುವುದಿಲ್ಲ.

ಪ್ರಶ್ನೆ: ಕ್ಯಾಮೆರಾಗೆ ಕಾಣದಂತೆ ನಂಬರ್ ಪ್ಲೇಟಿಗೆ ಹಚ್ಚುವ ದ್ರವ ಕೆಲಸ ಮಾಡುತ್ತದೆಯೇ?

ಮಾರುವವನಿಗೆ ಮಾಡುತ್ತದೆ. ನಿಮಗೆ ಪೊಲೀಸರ ಮುಂದೆ ನಿಲ್ಲುವ ಕೆಲಸ ಕೊಡುತ್ತದೆ.

ಪ್ರಶ್ನೆ: ಕಾರು ಬರುವ ಮೊದಲೇ ಮನೆಯವರೊಬ್ಬರು ಖಾಲಿ ಜಾಗದಲ್ಲಿ ನಿಂತು ಕಾಯ್ದಿರಿಸಿದರೆ?

ಮನುಷ್ಯರನ್ನು ಕಾರು ನಿಲ್ಲುವ ಕಡೆ ನಿಲ್ಲಿಸಬೇಡಿ. ಇದನ್ನು ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ.

ಪ್ರಶ್ನೆ: ಪತ್ನಿಯ ರೈಲು ನನ್ನದಕ್ಕಿಂತ ಮುಕ್ಕಾಲು ಗಂಟೆ ತಡ. ಅಲ್ಲಿಯವರೆಗೆ ನೆಲಮಾಳಿಗೆಯಲ್ಲೇ ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು ಕಾರಿನಲ್ಲಿ ನಿದ್ದೆ ಮಾಡುತ್ತೇನೆ. ಕಾವಲುಗಾರ ದಿನವೂ ಕಿಟಕಿ ಬಡಿದು ಎಬ್ಬಿಸುತ್ತಾನೆ. ಇದು ಕಿರುಕುಳವಲ್ಲವೇ?

ಆ ಕಾವಲುಗಾರ ನಿಮ್ಮ ಜೀವ ಉಳಿಸುತ್ತಿದ್ದಾನೆ. ಇಂಜಿನ್ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಮೂಲೆಯಲ್ಲಿ ಅದು ಸೇರಿಕೊಂಡರೆ ಮೊದಲು ತಲೆನೋವು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಎರಡೂ ಗೊತ್ತಾಗುವುದಿಲ್ಲ. ಗಾಳಿ ಹೊರದೂಡುವ ಫ್ಯಾನುಗಳಿವೆಯಲ್ಲ ಎನ್ನಬೇಡಿ, ವಿದ್ಯುತ್ ಉಳಿಸಲು ಅವುಗಳನ್ನು ನಿಲ್ಲಿಸಿಟ್ಟ ನೆಲಮಾಳಿಗೆಗಳನ್ನು ನೋಡಿದ್ದೇನೆ. ನಾನಂತೂ ನೆಲಮಾಳಿಗೆಯಲ್ಲಿ ಫೋನ್ ಮಾತಾಡಲೂ ಇಂಜಿನ್ ಚಾಲೂ ಇಟ್ಟು ಕೂರುವುದಿಲ್ಲ. ಇಂದೇ ನಿಲ್ಲಿಸಿ. ಮುಕ್ಕಾಲು ಗಂಟೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕಾಯಿರಿ, ಮತ್ತು ನಾಳೆ ಆ ಕಾವಲುಗಾರ ಸಿಕ್ಕರೆ ಕ್ಷಮೆ ಕೇಳಿ.