ಮಂಜೂರಾಯ್ತು, ಯಾರ ಖಾತೆಗೆ?

ಕುಷ್ಟಗಿ ಕಡೆಯ ಹಳ್ಳಿಯವಳು, ಕೊಪ್ಪಳದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ. ಹೋದ ವರ್ಷ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳಂತೆ. ಮಂಜೂರಾಗಿದೆ ಎಂದು ತೋರಿಸುತ್ತದೆ, ಪಾಸ್‌ಬುಕ್ಕಿಗೆ ಒಂದು ರೂಪಾಯಿ ಬಿದ್ದಿಲ್ಲ. ಅಪ್ಪ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಗುಳೆ ಹೋಗಿದ್ದಾರೆ, ಅವ್ವ ಊರಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಾರೆ. ಈ ಸಲದ ಅರ್ಜಿಗೆ ನೆಟ್ ಸೆಂಟರಿನವನು 300 ರೂಪಾಯಿ ಕೇಳಿದ್ದಾನೆ. ‘ದೇವರು ಕೊಟ್ರೂ ಪೂಜಾರಿ ಕೊಡವಲ್ಲ ಅನ್ನಂಗ ಆಗೇತ್ರೀ. ಅರ್ಜಿ ಹಾಕಲೋ ಬ್ಯಾಡೋ ನೀವ ಹೇಳ್ರಿ. ನಮಗ 371(ಜೆ) ಐತಲ್ರೀ, ಜಾಸ್ತಿ ಬರಬೇಕಲ್ಲೇನು?’ ಎಂದು ಕೇಳಿದ್ದಾಳೆ.

ತಂಗಿ,

ಹಾಕು. ಆದರೆ 300 ರೂಪಾಯಿ ಎಣಿಸುವ ಮೊದಲು ಇದನ್ನೊಂದು ಸಲ ಪೂರ್ತಿ ಓದು.

ನಿನ್ನ ಪತ್ರಕ್ಕಿಂತ ಅದರ ಹಿಂಬದಿಯನ್ನು ನಾನು ಹೆಚ್ಚು ಹೊತ್ತು ನೋಡಿದೆ. ಹೋದ ವರ್ಷದ ಅರ್ಜಿಯ ಪ್ರಿಂಟ್‌ಔಟಿನ ಬೆನ್ನ ಮೇಲೇ ಪತ್ರ ಬರೆದಿದ್ದೀಯ. ಹಾಳೆ ಉಳಿಸಿದ್ದು ಒಳ್ಳೆಯದೇ ಆಯಿತು. ಪತ್ರದ ಕೊನೆಯಲ್ಲಿ ನಿನ್ನ ಮೊಬೈಲ್ ನಂಬರ್ ಇದೆ. ಹಾಳೆ ತಿರುಗಿಸಿದರೆ ಅರ್ಜಿಯಲ್ಲೂ ಒಂದು ಮೊಬೈಲ್ ನಂಬರ್ ಇದೆ. ಎರಡೂ ಬೇರೆ ಬೇರೆ. ನಿನ್ನ ಅಪ್ಪನದೋ ಅವ್ವನದೋ ಇರಬಹುದು ಅಂದುಕೊಂಡೆ. ಆದರೆ ಮನೆಯಲ್ಲಿ ಇರೋದು ಒಂದೇ ಫೋನು, ಅದೂ ನನ್ನ ಹತ್ತಿರ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಅದು ನೆಟ್ ಸೆಂಟರಿನವನ ನಂಬರ್. ಒಟಿಪಿ ಅವನಿಗೆ ಬಂದಿದೆ, ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನಲ್ಲಿದೆ, ನಿನ್ನ ಅರ್ಜಿಗೆ ಏನಾದರೂ ಆಕ್ಷೇಪಣೆ ಬಂದಿದ್ದರೆ ಅದರ ಮೆಸೇಜೂ ಅವನಿಗೇ ಹೋಗಿದೆ. ಅವನು ಕೆಟ್ಟವನು ಅಂತಲ್ಲ. ದಿನಕ್ಕೆ ನಲವತ್ತು ಜನರ ಅರ್ಜಿ ತುಂಬುವವನಿಗೆ, ಪ್ರತಿಯೊಬ್ಬರೂ ಫೋನ್ ತೆಗೆದು ಒಟಿಪಿ ಓದಿ ಹೇಳುವ ತನಕ ಕಾಯೋದಕ್ಕಿಂತ ತನ್ನ ನಂಬರ್ ಹಾಕೋದು ಸಲೀಸು. ಈ ವರ್ಷ ಅವನ ಪಕ್ಕದ ಸ್ಟೂಲ್ ಮೇಲೆ ನೀನೇ ಕೂತುಕೋ, ನಿನ್ನ ನಂಬರ್ ಹಾಕಿಸು, ಪಾಸ್‌ವರ್ಡ್ ನೀನೇ ಒತ್ತು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ತೆರೆದಿದ್ದರೆ ಆ 300 ರೂಪಾಯಿಯೂ ಉಳಿಯುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಲು ಸರ್ಕಾರ ಶುಲ್ಕ ಕೇಳುವುದಿಲ್ಲ.

ಇನ್ನು ದುಡ್ಡಿನ ಮಾತು. ‘ಅಕೌಂಟಿಗೆ ಆಧಾರ್ ಲಿಂಕ್ ಆಗೇತ್ರೀ, ಬ್ಯಾಂಕಿನವರೇ ಹೇಳ್ಯಾರ’ ಅಂದಿದ್ದೀಯ. ಆಗಿರಬಹುದು. ಆದರೆ ಲಿಂಕ್ ಆಗುವುದು ಬೇರೆ, ಸೀಡಿಂಗ್ ಆಗುವುದು ಬೇರೆ. ಗುರುತಿಗಾಗಿ ಹತ್ತು ಖಾತೆಗೆ ಆಧಾರ್ ಕೊಟ್ಟಿರಬಹುದು, ಆದರೆ ಸರ್ಕಾರದ ನೇರ ಹಣ, ಅಂದರೆ ಡಿಬಿಟಿ, ಬರುವುದು ಒಂದೇ ಖಾತೆಗೆ. ಆ ಒಂದು ಯಾವುದು ಎಂಬ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಇರುತ್ತದೆ. ಇಲಾಖೆ ಹಣ ಬಿಡುವಾಗ ನಿನ್ನ ಪಾಸ್‌ಬುಕ್ಕಿನ ನಂಬರ್ ನೋಡುವುದಿಲ್ಲ, ಆಧಾರ್ ನಂಬರ್ ಹಿಡಿದು ಆ ಪಟ್ಟಿ ತೋರಿಸಿದ ಬ್ಯಾಂಕಿಗೆ ಕಳಿಸುತ್ತದೆ. ಸಾಮಾನ್ಯವಾಗಿ ಕಡೆಯ ಸಲ ಯಾವ ಬ್ಯಾಂಕು ಸೀಡಿಂಗ್ ಮಾಡಿತೋ ಪಟ್ಟಿಯಲ್ಲಿ ಅದರ ಹೆಸರೇ ಕೂತಿರುತ್ತದೆ.

ಈಗ ನೆನಪು ಮಾಡಿಕೋ. ಪಿಯುಸಿ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲೋ ಜಾತ್ರೆಯಲ್ಲೋ ಕೊಡೆಯ ಕೆಳಗೆ ಕೂತವನ ಹತ್ತಿರ ಸಿಮ್ ತಗೊಂಡೆಯಾ? ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡನಾ? ಒಂದು ಸಿಮ್ಮಿಗೆ, ಇನ್ನೊಂದು ‘ಫ್ರೀ ಅಕೌಂಟ್’ಗೆ. ಹಾಗೆ ಹುಟ್ಟಿದ ಮೊಬೈಲ್ ಬ್ಯಾಂಕ್ ಖಾತೆಯಲ್ಲಿ ವಿದ್ಯಾರ್ಥಿವೇತನ ಬಂದು ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಪತ್ರಿಕೆಯ ಬಂಡಲ್ ಕಟ್ಟಲು ಬರುವ ಹುಡುಗನ ತಂಗಿಯ ಹಣ ಹಾಗೆ ಏಳು ತಿಂಗಳು ಕೂತಿತ್ತು. ಆ ಹುಡುಗಿಗೆ ಅಂಥ ಖಾತೆ ಇದೆ ಎಂಬುದೇ ಗೊತ್ತಿರಲಿಲ್ಲ. ಪೂಜಾರಿಯನ್ನು ಬೈಯುವ ಮೊದಲು, ಪ್ರಸಾದ ನಿನ್ನದೇ ಇನ್ನೊಂದು ತಟ್ಟೆಗೆ ಬಿದ್ದಿದೆಯಾ ನೋಡು. ಆಧಾರ್‌ನ ಅಧಿಕೃತ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂದು ಒಂದು ಕಡೆ ಇದೆ, ಅಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವಾಗ ಎಲ್ಲಿಗೆ ಹೋಯಿತು ಎನ್ನುವುದೂ ಸಿಗುತ್ತದೆ. ಎರಡಕ್ಕೂ ಆಧಾರಿಗೆ ಜೋಡಿಸಿದ ಮೊಬೈಲ್ ನಿನ್ನ ಕೈಯಲ್ಲಿರಬೇಕು.

ಪಟ್ಟಿಯಲ್ಲಿ ನಿನ್ನ ಪಾಸ್‌ಬುಕ್ಕಿನ ಬ್ಯಾಂಕೇ ಇದ್ದು ಹಣ ಬಂದಿಲ್ಲವಾದರೆ ಖಾತೆಯೇ ನಿದ್ದೆ ಮಾಡುತ್ತಿರಬಹುದು. ಎರಡು ವರ್ಷ ಹಣ ಹಾಕುವುದು ತೆಗೆಯುವುದು ಇಲ್ಲದಿದ್ದರೆ ಬ್ಯಾಂಕು ಖಾತೆಯನ್ನು ನಿಷ್ಕ್ರಿಯ ಎನ್ನುತ್ತದೆ. ಶಾಲೆಯಲ್ಲಿದ್ದಾಗ ಅವ್ವನ ಹೆಸರು ಸೇರಿಸಿ ತೆಗೆದ ಖಾತೆಯಾದರೆ, ನಿನಗೆ 18 ತುಂಬಿದ ಮೇಲೆ ಕೆವೈಸಿ ಹೊಸದಾಗಿ ಕೊಡಬೇಕಿತ್ತು. ಕೊಟ್ಟೆಯಾ? ಹಣ ಹೋಗಿ ವಾಪಸ್ ಬಂದಿದ್ದರೆ, ಖಾತೆ ಸರಿಮಾಡಿಸಿಕೊಂಡು ಕೊಪ್ಪಳದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಬರವಣಿಗೆಯಲ್ಲಿ ಮನವಿ ಕೊಡು. ಬಾಯಿಮಾತು ಬೇಡ. ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಂಡು ಬಾ.

ಪ್ರಿಂಟ್‌ಔಟಿನಲ್ಲಿ ಇನ್ನೆರಡು ಸಂಗತಿ ಕಣ್ಣಿಗೆ ಬಿದ್ದವು. ವಿದ್ಯಾಸಿರಿ ಎಂಬ ಕಡೆ ‘ಇಲ್ಲ’ ಎಂದಿದೆ. ನೀನು ಹಾಸ್ಟೆಲಿನಲ್ಲಿಲ್ಲ, ಭಾಗ್ಯನಗರದಲ್ಲಿ ಗೆಳತಿಯರ ಜೊತೆ ಖೋಲಿ ಹಿಡಿದಿದ್ದೀಯ. ಹಾಸ್ಟೆಲ್ ಸಿಗದ ನಿನ್ನಂಥವರ ಊಟ ವಸತಿಗೆಂದೇ 2013–14ರಲ್ಲಿ ರಾಜ್ಯ ಸರ್ಕಾರ ಆ ಯೋಜನೆ ತಂದದ್ದು. ತಂದಾಗ ತಿಂಗಳಿಗೆ 1,500ರಂತೆ 10 ತಿಂಗಳು, ಅಂದರೆ ವರ್ಷಕ್ಕೆ 15,000 ರೂಪಾಯಿ ಎಂಬ ಲೆಕ್ಕ ಅದರದಾಗಿತ್ತು. ಅರ್ಜಿ ತುಂಬಿದವನು ಕೇಳಲಿಲ್ಲ, ನೀನು ಹೇಳಲಿಲ್ಲ. ಒಂದು ‘ಇಲ್ಲ’ ಒತ್ತಿದ್ದಕ್ಕೆ ವರ್ಷದ ಖೋಲಿ ಬಾಡಿಗೆ ಹೋಯಿತು ನೋಡು. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಎರಡನೆಯದು ಆದಾಯ ಪ್ರಮಾಣಪತ್ರ. ಒಂಬತ್ತನೇ ತರಗತಿಯಲ್ಲಿದ್ದಾಗ ನಾಡಕಚೇರಿಯಲ್ಲಿ ತೆಗೆಸಿದ್ದು ಅಂದಿದ್ದೀಯ. ಅದರ ಆಯಸ್ಸು ಐದು ವರ್ಷ. ಬೆರಳು ಮಡಚಿ ಎಣಿಸು, ಈ ವರ್ಷಕ್ಕೆ ಮುಗಿಯುತ್ತದೆ. ಹಳೆಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪ್ರವರ್ಗ-1ರವಳಾದ್ದರಿಂದ ನಿನ್ನ ಜಾತಿ ಪ್ರಮಾಣಪತ್ರಕ್ಕೆ ಈ ತಕರಾರಿಲ್ಲ, ಆದಾಯದ್ದು ಮಾತ್ರ ಹೊಸದು ಬೇಕು. ಕಡೆಯ ದಿನಾಂಕ ಮುಂದೆ ಹೋಗುತ್ತೆ ಬಿಡು ಎನ್ನುವ ಗೆಳತಿಯರ ಮಾತು ಕೇಳಬೇಡ. ಮುಂದೆ ಹೋಗುವುದುಂಟು, ಹೋಗದೆ ಇರುವುದೂ ಉಂಟು. ಕಾಲೇಜಿನಲ್ಲಿ ನಿಮ್ಮ ದಾಖಲೆಗಳ ಇ-ದೃಢೀಕರಣ ಮಾಡುವ ಮೇಷ್ಟ್ರಿಗೆ ಕಡೆಯ ವಾರ ಉಸಿರಾಡಲೂ ಬಿಡುವಿರುವುದಿಲ್ಲ.

ಹೆಸರಿನ ಕಾಗುಣಿತವನ್ನೂ ನೋಡಿಕೋ. ಹುಲಿಗಿ ಅಮ್ಮನ ಸೀಮೆ ನಮ್ಮದು, ಮನೆಗೊಬ್ಬ ಹುಲಿಗೆಮ್ಮ. ಅವಳು ಆಧಾರಿನಲ್ಲಿ ಹುಲಗೆವ್ವ, ಅಂಕಪಟ್ಟಿಯಲ್ಲಿ ಹುಲಿಗೆಮ್ಮ, ಪಾಸ್‌ಬುಕ್ಕಿನಲ್ಲಿ ಮತ್ತೇನೋ ಆಗಿರುತ್ತಾಳೆ. ಕರೆದರೆ ಓಗೊಡುವವಳು ಒಬ್ಬಳೇ, ಕಂಪ್ಯೂಟರಿಗೆ ಮಾತ್ರ ಮೂವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಆಧಾರಿನಲ್ಲೂ ಹಾಗೇ ಮಾಡಿಸು.

371(ಜೆ) ಕೇಳಿದ್ದೀಯ. ಸಂವಿಧಾನದ ಆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುತ್ತದೆ. ವಿದ್ಯಾರ್ಥಿವೇತನದ ಮೊತ್ತ ಅದರಿಂದ ಹೆಚ್ಚಾಗುವುದಿಲ್ಲ. ಮುಂದೆ ಎಂ.ಎಸ್ಸಿ. ಸೀಟು ಕೇಳುವಾಗ ಆ ಪ್ರಮಾಣಪತ್ರ ಬೇಕಾಗುತ್ತದೆ. ಅಪ್ಪನ ಬಳಿ ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯಾ ಕೇಳು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಮಕ್ಕಳ ಓದಿಗೆ ಸಹಾಯಧನ ಬೇರೆಯೇ ಉಂಟು.

ನನ್ನ ಕಥೆ ಬೇಡ ಅಂದುಕೊಂಡಿದ್ದೆ, ಎರಡು ಸಾಲು ಹೇಳಿಬಿಡುತ್ತೇನೆ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾನು ಓದುವಾಗ ನಮಗೆ ಜಿಲ್ಲಾ ಕಚೇರಿ ಎಂದರೆ ರಾಯಚೂರು. ಬುತ್ತಿ ಕಟ್ಟಿಕೊಂಡು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಹೋದರೆ ಗುಮಾಸ್ತರು ಊಟಕ್ಕೆ ಎದ್ದಿರುತ್ತಿದ್ದರು. ನನ್ನ ಚೆಕ್ಕು ಬಂದದ್ದು ಡಿಗ್ರಿ ಮುಗಿದ ಮಾರನೇ ವರ್ಷ. ಅದರಲ್ಲಿ ಅವ್ವ ಒಂದು ಎಮ್ಮೆ ಕರು ತಂದಳು. ನಿನ್ನದು ಓದು ಮುಗಿಯುವುದರೊಳಗೆ ಬರಲಿ ಎಂಬುದಕ್ಕೇ ಇಷ್ಟುದ್ದ ಬರೆದೆ.

ಸೋಮವಾರ ಮೊದಲು ಬ್ಯಾಂಕಿಗೆ ಹೋಗು, ನಾಡಕಚೇರಿ ಆಮೇಲೆ. ಕೌಂಟರಿನಲ್ಲಿ ‘ಆಧಾರ್ ಲಿಂಕ್’ ಅನ್ನಬೇಡ, ‘ಎನ್‌ಪಿಸಿಐ ಸೀಡಿಂಗ್’ ಅನ್ನು. ಫಾರ್ಮ್ ಬೇರೆ ಕೊಡುತ್ತಾರೆ. ನಿನ್ನ ಪ್ರಿಂಟ್‌ಔಟನ್ನು ಈ ಸಂಚಿಕೆಯ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಅದರಲ್ಲಿ ಅರ್ಜಿ ಸಂಖ್ಯೆ ಇದೆ, ಹೋದ ವರ್ಷದ ಹಣ ಕೇಳಲು ಬೇಕಾಗುತ್ತದೆ. ಪತ್ರ ಬರೆಯಲು ಮುಂದಿನ ಸಲ ಬೇರೆ ಹಾಳೆ ಹುಡುಕಿಕೋ.

— ಸಂಪಾದಕ