ಅಪ್ಪನ ಮೂರು ಗಂಟೆ, ಹುಡುಗನ ನಾಲ್ಕು ನಿಮಿಷ

ಮೇಡಂ, ನನಗೆ 27 ವರ್ಷ. ಫೆಬ್ರವರಿಯಲ್ಲಿ ಬಸವನಗುಡಿಯ ಛತ್ರವೊಂದರಲ್ಲಿ ಮದುವೆ. ನನ್ನ ಹುಡುಗನಿಗೆ ಸಿನಿಮಾ ಥರದ ನಾಲ್ಕು ನಿಮಿಷದ ವಿಡಿಯೋ ಬೇಕು, ಡ್ರೋನ್ ಬೇಕು. ಅಪ್ಪ ನಮ್ಮ ಮನೆ ಮದುವೆಗಳನ್ನೆಲ್ಲ ತೆಗೆದ ಸ್ಟುಡಿಯೋದವರಿಗೆ ಆಗಲೇ ಮಾತು ಕೊಟ್ಟಿದ್ದಾರೆ. ನಾಂದಿಯಿಂದ ಆರತಕ್ಷತೆವರೆಗೆ, ಮೂರು ಗಂಟೆಯ ವಿಡಿಯೋ. ‘ಅದನ್ನ ಯಾರು ನೋಡ್ತಾರೆ’ ಅಂದ ಇವರ ಮಾತು ಅಪ್ಪನ ಕಿವಿಗೆ ಬಿತ್ತು. ಈಗ ಅಪ್ಪ ‘ನಿಮ್ಮಿಷ್ಟ’ ಅಂತ ಸುಮ್ಮನಾಗಿದ್ದಾರೆ. ಎರಡನ್ನೂ ಮಾಡಿಸುವಷ್ಟು ದುಡ್ಡಿಲ್ಲ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಅಪ್ಪಂದಿರ ‘ನಿಮ್ಮಿಷ್ಟ’ದ ಅರ್ಥ ನಿಮಗೆ ಗೊತ್ತಿರುವುದರಿಂದಲೇ ಈ ಪತ್ರ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ನನ್ನ ಮದುವೆಯದು 180 ನಿಮಿಷದ ವಿಎಚ್‌ಎಸ್ ಕ್ಯಾಸೆಟ್. ದುಡ್ಡು ಕೊಟ್ಟ ಮೇಲೆ ಖಾಲಿ ಬಿಡುವುದೇಕೆ ಅಂತಲೋ ಏನೋ, ಅದರಲ್ಲಿ ಮುಕ್ಕಾಲು ಗಂಟೆ ಬರೀ ಉಡುಗೊರೆ ಕೊಡುವವರ ಸಾಲು. ಗುಲಾಬಿ ಹೂವಿನೊಳಗಿಂದ ನಮ್ಮಿಬ್ಬರ ಮುಖ ಅರಳುವ ಚಮತ್ಕಾರ ಬೇರೆ. ಪೂರ್ತಿ ಕೂತು ನೋಡಿದ್ದು ಒಂದೇ ಸಲ. ಆದರೆ ಒಂದು ತುಣುಕನ್ನು ಈಗಲೂ ಹುಡುಕಿ ಹಾಕುತ್ತೇನೆ. ಜೀರಿಗೆ ಬೆಲ್ಲದ ಹೊತ್ತಿಗೆ ನನ್ನ ಸೋದರತ್ತೆ ಕ್ಯಾಮೆರಾದವನನ್ನೇ ಗದರುತ್ತಾರೆ: “ಲೋ, ಪಕ್ಕಕ್ಕೆ ಸರಿಯೋ, ಮಗು ಕಾಣ್ತಿಲ್ಲ.” ಅತ್ತೆಯ ಮುಖ ಎಲ್ಲೂ ಇಲ್ಲ, ದನಿ ಮಾತ್ರ ಇದೆ.

ನಾಲ್ಕು ನಿಮಿಷವೆಂದರೆ 240 ಸೆಕೆಂಡ್. ಒಂದೊಂದು ದೃಶ್ಯಕ್ಕೆ ಮೂರು ಸೆಕೆಂಡ್ ಹಿಡಿದರೆ 80 ತುಣುಕು, ಮೇಲೆ ಒಂದು ಹಾಡು. ನೋಡಲು ಚೆಂದ, ಗೆಳೆಯರಿಗೆ ಕಳಿಸಲು ಅನುಕೂಲ. ಆದರೆ ಧಾರೆಯ ಹೊತ್ತಿನಲ್ಲಿ ಗೋತ್ರ, ಮೂರು ತಲೆಮಾರಿನ ಹೆಸರು ಹೇಳಿ ಮಗಳನ್ನು ಒಪ್ಪಿಸುವ ನಿಮ್ಮಪ್ಪನ ದನಿ ಆ ಹಾಡಿನಡಿ ಹೂತುಹೋಗುತ್ತದೆ. ಆದ್ದರಿಂದ ದುಡ್ಡು ಮೊದಲು ಧ್ವನಿಗೆ ಹೋಗಲಿ. ಪುರೋಹಿತರ ಶಲ್ಯಕ್ಕೆ ಸಣ್ಣದೊಂದು ಕಾಲರ್ ಮೈಕ್ ಸಿಕ್ಕಿಸಿದರೆ ಗಟ್ಟಿಮೇಳದ ನಡುವೆಯೂ ಮಂತ್ರ ಕೇಳುತ್ತದೆ.

ಡ್ರೋನ್ ಆಸೆ ಬಿಡಿ. 2021ರ ಡ್ರೋನ್ ನಿಯಮದಂತೆ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಎಚ್‌ಎಎಲ್, ಜಕ್ಕೂರು, ಯಲಹಂಕ ಅಂತ ವಿಮಾನ ಹಾರುವ ತಾಣಗಳು ಊರೊಳಗೇ ಇರುವಾಗ ಅದನ್ನು ನೋಡದೆ ಹಾರಿಸುವಂತಿಲ್ಲ. ಅನುಮತಿ ಸಿಕ್ಕರೂ ಛತ್ರದ ಮೇಲಿಂದ ಕಾಣುವುದು ನೀರಿನ ಟ್ಯಾಂಕು, ಕೇಬಲ್ಲು.

ಇನ್ನು ನನ್ನ ಲೆಕ್ಕ. ಚಿತ್ರೀಕರಣ ಅಪ್ಪನ ಸ್ಟುಡಿಯೋದವರದೇ ಇರಲಿ. ಪುರೋಹಿತರ ಕೈ ಯಾವಾಗ ಮೇಲೇಳುತ್ತದೆ, ಯಾವ ದೊಡ್ಡಪ್ಪನನ್ನು ಬಿಟ್ಟರೆ ಮುನಿಸು ಅನ್ನುವುದು ಅವರಿಗೆ ಗೊತ್ತು. ಒಂದು ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಅಂತರಪಟ ಹಿಡಿದಾಗಿನಿಂದ ಸಪ್ತಪದಿವರೆಗೆ ಆಫ್ ಆಗದೆ ಓಡಲಿ. ಇನ್ನೊಂದು ಓಡಾಡಲಿ, ಅದರಲ್ಲಿ ಸೆಕೆಂಡಿಗೆ 50 ಫ್ರೇಮ್ ಇಟ್ಟು ತೆಗೆಯಲು ಮೊದಲೇ ಹೇಳಿ. 25ರಲ್ಲಿ ತೆಗೆದದ್ದನ್ನು ಸ್ಲೋ ಮೋಷನ್ ಮಾಡಿದರೆ ದೃಶ್ಯ ತಡವರಿಸುತ್ತದೆ. ಅದೇ ಫೂಟೇಜನ್ನು ನಿಮ್ಮ ಹುಡುಗ ಮೆಚ್ಚಿದ ಎಡಿಟರ್‌ಗೆ ಕೊಡಿ: ಹುಡುಗನಿಗೆ ನಾಲ್ಕು ನಿಮಿಷ, ಮನೆಗೆ ನಲವತ್ತು ನಿಮಿಷ. ನಲವತ್ತರಲ್ಲಿ ಇಪ್ಪತ್ತೈದು ಧಾರೆಗೇ ಇರಲಿ, ಆರತಕ್ಷತೆಗೆ ಐದು ಸಾಕು. ಒಂದು ಮಾತು, ಮದುವೆ ಮನೆಯಲ್ಲಿ ಸಿನಿಮಾ ಹಾಡು ಹಾಕಲು 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಅದೇ ಹಾಡು ಹಚ್ಚಿ ವಿಡಿಯೋವನ್ನು ಯೂಟ್ಯೂಬಿಗೆ ಏರಿಸಲು ಆ ವಿನಾಯಿತಿ ಸಾಲದು. ನಿಮ್ಮ ವಾಲಗದವರನ್ನು ಒಪ್ಪಿಸಿ ಅವರ ನಾದವನ್ನೇ ಬಳಸಿ.

ಕತ್ತರಿಸದ ಫೂಟೇಜ್ ಪೂರ್ತಿ ಕೇಳಿ ತೆಗೆದುಕೊಳ್ಳಿ. 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಆರಾರು ಗಂಟೆ ಓಡಿದರೆ 540. ಒಂದು ಟಿಬಿಯ ಎರಡು ಹಾರ್ಡ್ ಡಿಸ್ಕ್ ತಂದು ಒಂದನ್ನು ತವರಲ್ಲಿಡಿ. ಕಡೆಯ ಕಂತಿನ ದುಡ್ಡು ಇದೆಲ್ಲ ಕೈಗೆ ಬಂದ ಮೇಲೆ.

ಈಗ ಅಪ್ಪ. ಇಬ್ಬರ ನಡುವೆ ಟಪಾಲು ಒಯ್ಯುವ ಕೆಲಸ ಇವತ್ತೇ ನಿಲ್ಲಿಸಿ. ಮಾತು ಆಡಿದವರು ನಿಮ್ಮ ಹುಡುಗ, ಮನೆಗೆ ಬರಬೇಕಾದವರೂ ಅವರೇ. ಬಂದವರು ಕ್ಷಮೆ ಗಿಮೆ ಅಂತ ಭಾಷಣ ಮಾಡುವುದು ಬೇಡ. ಪೆನ್ನು ಕಾಗದ ಹಿಡಿದು, “ಮಾವ, ವಿಡಿಯೋದಲ್ಲಿ ಯಾರ್ ಯಾರ ಮುಖ ತಪ್ಪಬಾರದು ಹೇಳಿ, ಬರ್ಕೋತೀನಿ” ಅನ್ನಲಿ. ಅಮ್ಮನಿಗೆ ಮೊದಲೇ ಹೇಳಿಡಿ, ಆ ಪಟ್ಟಿ ಮುಗಿಯುವಷ್ಟರಲ್ಲಿ ಎರಡು ಸಲ ಕಾಫಿ ಮಾಡಬೇಕಾಗುತ್ತದೆ.